ಹೆಗಲಿಗೆ ಒದೆಯುವ ಹಳೆಯ ಬಂದೂಕುಗಳು

ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಶಿಬಿರವೊಂದರಲ್ಲಿ ನಮಗೆಲ್ಲ ಐದೈದು ಗುಂಡು ಹಾರಿಸಲು ಕೊಟ್ಟಿದ್ದರು. ಪಾಯಿಂಟ್ ಟೂ ಟೂ ರೈಫಲ್. ಗುರಿ 25 ಮೀಟರ್ ದೂರದಲ್ಲಿ. ಜಮಖಾನದ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು ಮೂರು ಗುಂಡು ಹಾರಿಸಿದ್ದಾಯಿತು. ನಾಲ್ಕನೆಯ ಸಲ ಟ್ರಿಗರ್ ಒತ್ತಿದಾಗ ‘ಟಿಕ್’ ಎಂಬ ಸದ್ದು ಬಂತೇ ಹೊರತು ಗುಂಡು ಹೋಗಲಿಲ್ಲ. ಆದರೆ ಬಂದೂಕಿನ ನಳಿಕೆ ಮಾತ್ರ ಯಾರೋ ಮೇಲಿನಿಂದ ಅದುಮಿದ ಹಾಗೆ ಬೆರಳಿನಷ್ಟು ಕೆಳಕ್ಕೆ ಬಾಗಿತ್ತು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತೋಟಾ ತುಂಬಿಕೊಡುತ್ತಿದ್ದ ಹವಾಲ್ದಾರರು ನಕ್ಕರು. ಖಾಲಿ ತೋಟಾ ಹಾಕಿದ್ದವರು ಅವರೇ. “ನೋಡು ಮಗಾ, ಗುಂಡಿಲ್ಲ, ಸದ್ದಿಲ್ಲ, ಒದೆತವೂ ಇಲ್ಲ. ಮತ್ತೆ ಹೆದರಿದ್ದು ಯಾವುದಕ್ಕೆ?” ಎಂದರು. ಉತ್ತರ ಹೇಳಲು ನನಗೆ ಗೊತ್ತಾಗಲಿಲ್ಲ.

ಅಸಲಿಗೆ ಪಾಯಿಂಟ್ ಟೂ ಟೂ ಬಂದೂಕು ಒದೆಯುವುದೇ ಇಲ್ಲ ಎನ್ನಬೇಕು. ಒದೆತ ಎಂದರೇನು ಎಂದು ಕೇಳಬೇಕಾದರೆ ಪೊಲೀಸ್ ಇಲಾಖೆಯಲ್ಲಿದ್ದ ನನ್ನ ಸೋದರಮಾವನನ್ನು ಕೇಳಬೇಕು. ಅವರ ತರಬೇತಿಯೆಲ್ಲ ತ್ರೀ ನಾಟ್ ತ್ರೀ ಬಂದೂಕಿನಲ್ಲಿ. ಫೈರಿಂಗ್ ದಿನದ ಸಂಜೆ ಬಲ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತಂತೆ. ಅಂಗಿಯೊಳಗೆ ಮಡಿಸಿದ ಟವಲು ಇಟ್ಟುಕೊಂಡು ಹೋಗಿ ಬೈಸಿಕೊಂಡ ಕತೆಯನ್ನು ಹಬ್ಬಕ್ಕೆ ಸೇರಿದಾಗಲೆಲ್ಲ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ತ್ರೀ ನಾಟ್ ತ್ರೀ ಬರುವುದಕ್ಕೆ ಮೊದಲು ಬ್ರಿಟಿಷ್ ಸೈನ್ಯದಲ್ಲಿದ್ದ ಬಂದೂಕು ಅದರ ಎರಡರಷ್ಟು ಬಲವಾಗಿ ಒದೆಯುತ್ತಿತ್ತು. ಇನ್ನೂ ಸೋಜಿಗವೆಂದರೆ, ಆ ಬಂದೂಕನ್ನೂ ಅದರ ಸೋದರ ಸಂಬಂಧಿಗಳನ್ನೂ ಇಂದಿಗೂ ಇಂಗ್ಲೆಂಡ್, ಅಮೆರಿಕಗಳ ಶೂಟಿಂಗ್ ರೇಂಜ್‌ಗಳಲ್ಲಿ ಜನ ಕೈಯಿಂದ ದುಡ್ಡು ಖರ್ಚು ಮಾಡಿ, ಹೆಗಲು ನೋಯಿಸಿಕೊಂಡು ಹಾರಿಸುತ್ತಾರೆ. ಹೆಬ್ಬೆರಳ ತುದಿಯಷ್ಟು ದಪ್ಪದ ಸೀಸದ ಗುಂಡು, ಅಂಗಳ ತುಂಬುವಷ್ಟು ಹೊಗೆ, ಹೆಗಲಿಗೊಂದು ಗುದ್ದು. ಈ ಗುದ್ದಿನ ಹಿಂದೆ ಒಂದು ಶತಮಾನದ ಇತಿಹಾಸವೂ, ಹವಾಲ್ದಾರರ ಪ್ರಶ್ನೆಗೆ ಉತ್ತರವೂ ಅಡಗಿವೆ.

ಗುಂಡು ಅಷ್ಟು ದಪ್ಪ ಯಾಕೆ?

ಹಳೆಯ ಬಂದೂಕುಗಳ ಮದ್ದು ಎಂದರೆ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲಿನ ಮಿಶ್ರಣ. ಊರ ಜಾತ್ರೆಯ ಕದಿನಿಗೆ ತುಂಬುವ ಅದೇ ಕಪ್ಪು ಮದ್ದು. ಇದಕ್ಕೊಂದು ಮಿತಿಯಿದೆ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿಯಾಗಿಯೂ ಉಪ್ಪಿನ ಕಣಗಳಾಗಿಯೂ ಉಳಿದುಬಿಡುತ್ತದೆ. ಆ ದಟ್ಟ ಬಿಳಿ ಹೊಗೆ, ನಳಿಕೆಯೊಳಗೆ ಕಟ್ಟುವ ಕಿಟ್ಟ ಎಲ್ಲ ಅದೇ. ಮದ್ದನ್ನು ಎಷ್ಟೇ ತುಂಬಿದರೂ ಭಾರದ ಗುಂಡನ್ನು ಸೆಕೆಂಡಿಗೆ 400-450 ಮೀಟರಿಗಿಂತ ಹೆಚ್ಚು ವೇಗವಾಗಿ ಓಡಿಸುವುದು ಕಷ್ಟ. ವೇಗ ಹೆಚ್ಚಿಸಲು ಆಗದಿದ್ದ ಮೇಲೆ ಪೆಟ್ಟು ಹೆಚ್ಚಿಸಲು ಉಳಿದ ದಾರಿ ಒಂದೇ, ಗುಂಡಿನ ತೂಕ ಹೆಚ್ಚಿಸುವುದು. ಹತ್ತೊಂಬತ್ತನೆಯ ಶತಮಾನದ ಬಂದೂಕುಗಳು ದಪ್ಪಗಾದದ್ದು ಶೋಕಿಗಲ್ಲ, ಗತ್ಯಂತರವಿಲ್ಲದೆ.

ಆ ದಪ್ಪವನ್ನು ಅಳೆಯುವ ಕ್ರಮವೂ ವಿಚಿತ್ರವಾದದ್ದು. ಮಲೆನಾಡಿನಲ್ಲಿ ಹನ್ನೆರಡು ಬೋರಿನ ತೋಟಾ ಕೋವಿ ಎಂದರೆ ಎಲ್ಲರಿಗೂ ಗೊತ್ತು. ಆದರೆ ಹನ್ನೆರಡು ಏನು? ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ ಹನ್ನೆರಡು ಗೋಲಿ ಎರಕ ಹೊಯ್ದರೆ ಅಂಥ ಒಂದು ಗೋಲಿ ಸರಿಯಾಗಿ ಹೊಂದುವ ನಳಿಕೆ ಹನ್ನೆರಡು ಬೋರಿನದು. ಹಾಗಾಗಿ ಇಲ್ಲಿ ಲೆಕ್ಕ ತಿರುವುಮುರುವು. ಬೋರಿನ ಸಂಖ್ಯೆ ಚಿಕ್ಕದಾದಷ್ಟೂ ನಳಿಕೆ ದೊಡ್ಡದು. ಎಂಟು ಬೋರಿನ ಗೋಲಿ 57 ಗ್ರಾಂ ತೂಗುತ್ತದೆ, ನಾಲ್ಕು ಬೋರಿನದು 113 ಗ್ರಾಂ. ಆನೆ ಬೇಟೆಗೆ ಹೋಗುತ್ತಿದ್ದ ಬಿಳಿಯರು ಹೊತ್ತದ್ದು ಈ ಎಂಟು, ನಾಲ್ಕು ಬೋರಿನ ಕೋವಿಗಳನ್ನು. ನಮ್ಮ ಮೈಸೂರು ಸೀಮೆಯಲ್ಲಿ ಖೆಡ್ಡಾ ಆರಂಭಿಸಿ, ಚಾಮರಾಜನಗರದ ಕಾಡಂಚಿನಲ್ಲಿ ಬಂಗಲೆ ಮಾಡಿಕೊಂಡಿದ್ದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇಂಥ ಕೋವಿಗಳ ಗುಣದೋಷಗಳನ್ನು ಚರ್ಚಿಸಿದ್ದಾನೆ. ಆನೆ ಹಿಡಿಯುವುದರಲ್ಲಿ ಆತನಿಗಿದ್ದ ಹೆಸರನ್ನು ಬಲ್ಲವರಿಗೆ ಆತನ ಕೋವಿಗಳ ವಿಷಯ ಅಷ್ಟಾಗಿ ತಿಳಿದಿಲ್ಲ.

ಇವರೆಲ್ಲರನ್ನೂ ಮೀರಿಸಿದವನು ನೈಲ್ ನದಿಯ ಮೂಲ ಹುಡುಕಿ ಹೊರಟ ಸ್ಯಾಮ್ಯುಯೆಲ್ ಬೇಕರ್. ಲಂಡನ್ನಿನ ಹಾಲೆಂಡ್ ಕಂಪನಿಯಿಂದ ಮಾಡಿಸಿಕೊಂಡ ಆತನ ಒಂಟಿ ನಳಿಕೆಯ ಬಂದೂಕು ಅರ್ಧ ಪೌಂಡ್ ತೂಕದ, ಅಂದರೆ ಕಾಲು ಕಿಲೋಗಿಂತ ತುಸುವೇ ಕಡಿಮೆಯ, ಸಿಡಿಗುಂಡನ್ನು ಹಾರಿಸುತ್ತಿತ್ತು. ಅದಕ್ಕೆ ಆತ ಇಟ್ಟ ಮುದ್ದಿನ ಹೆಸರು ‘ಬೇಬಿ’! ಆತನ ಅರಬ್ ಸಂಗಡಿಗರು ಅದನ್ನು ಫಿರಂಗಿಯ ಮರಿ ಎಂದು ಕರೆಯುತ್ತಿದ್ದರು. ಕಟ್ಟುಮಸ್ತಾದ ಆಳಾಗಿದ್ದ ಬೇಕರನನ್ನೇ ಅದು ಗಿರಗಿರನೆ ತಿರುಗಿಸಿಬಿಡುತ್ತಿತ್ತು. ಹಾರಿಸಿದರೆ ಪ್ರಾಣಿ ಉಳಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ಅದನ್ನು ಹಾರಿಸಲು ತನಗೇ ಅಂಜಿಕೆ ಎಂದು ಆತ ಬರೆದುಕೊಂಡಿದ್ದಾನೆ.

ಫ್ರೆಡರಿಕ್ ಸೆಲೂಸ್‌ನ ಕತೆ ಇದಕ್ಕಿಂತ ಕಠೋರವಾದದ್ದು. 1870ರ ದಶಕದಲ್ಲಿ ಹತ್ತೊಂಬತ್ತು ಇಪ್ಪತ್ತರ ಹರೆಯದಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಈತನ ಬಳಿ ಇದ್ದದ್ದು ಅಗ್ಗದ ನಾಲ್ಕು ಬೋರಿನ ಕೋವಿಗಳು. ತೂಕ ಐದೂಮುಕ್ಕಾಲು ಕಿಲೋದಷ್ಟೇ. 113 ಗ್ರಾಂ ಗುಂಡಿಗೆ ಅದು ಏನೇನೂ ಸಾಲದು. ಮದ್ದನ್ನು ಅಳತೆಯಿಲ್ಲದೆ ತೊಗಲಚೀಲದಿಂದ ಕೈಯಲ್ಲಿ ಬಾಚಿ ತುಂಬುತ್ತಿದ್ದರು. ಒಂದು ದಿನ ಆನೆಯ ಎದುರು ಕೋವಿ ಹೊತ್ತಿಕೊಳ್ಳಲಿಲ್ಲ. ಗಡಿಬಿಡಿಯಲ್ಲಿ ಸಹಾಯಕ ಅದರ ಮೇಲೆಯೇ ಇನ್ನೊಂದು ಪಟ್ಟು ಮದ್ದು, ಗುಂಡು ಗಿಡಿದ. ಮುಂದಿನ ಸಲ ಅದು ಹೊತ್ತಿಕೊಂಡಿತು. ಸೆಲೂಸ್ ನೆಲದಿಂದ ಎತ್ತಿ ಎಸೆದಂತೆ ಬಿದ್ದ. ಕೋವಿ ಆತನ ಹೆಗಲ ಮೇಲಿಂದ ಹಾರಿ ದೂರ ಹೋಗಿ ಬಿತ್ತು, ಕೆನ್ನೆ ಸೀಳಿತ್ತು. ಗಾಯ ಮಾಯಿತು. ಆದರೆ ಆ ಕೋವಿಗಳ ಸಹವಾಸ ತಾನು ಮಾಡಲೇಬಾರದಿತ್ತು, ಅವು ತನ್ನ ನರಗಳನ್ನು ಕೆಡಿಸಿದ್ದರಿಂದ ಮುಂದೆ ಜೀವನಪೂರ್ತಿ ತನ್ನ ಗುರಿಗೆ ಪೆಟ್ಟು ಬಿತ್ತು ಎಂದು ಪ್ರಸಿದ್ಧನಾದ ಮೇಲೆಯೂ ಆತ ಹಳಹಳಿಸಿದ. ಕೆನ್ನೆಯದಲ್ಲ, ನರಗಳದು ಎಂಬುದನ್ನು ಓದುಗರು ಗಮನಿಸಬೇಕು.

ಸಿಪಾಯಿಯ ಹೆಗಲು

ಬೇಟೆಗಾರನಾದರೆ ದಿನಕ್ಕೆ ನಾಲ್ಕಾರು ಈಡು ಹೊಡೆದಾನು. ಸಿಪಾಯಿಯ ಪಾಡು ಬೇರೆ. 1857ರಲ್ಲಿ ಕೊಬ್ಬು ಸವರಿದ ತೋಟಾದಿಂದ ಕಿಡಿ ಹೊತ್ತಿಸಿದ ಎನ್‌ಫೀಲ್ಡ್ ಬಂದೂಕು ನಮ್ಮೆಲ್ಲರಿಗೂ ಶಾಲೆಯ ಪಾಠದಲ್ಲಿ ಪರಿಚಿತ. ಅದರ ನಳಿಕೆ ಅರ್ಧ ಅಂಗುಲಕ್ಕೂ ಹೆಚ್ಚು ಅಗಲದ್ದು, 0.577 ಅಂಗುಲ. ಬಾಯಿಯಿಂದ ಮದ್ದು ತುಂಬುತ್ತಿದ್ದ ಅದನ್ನೇ 1866ರಿಂದ ಹಿಂದಿನಿಂದ ತೋಟಾ ತುಂಬುವಂತೆ ಮಾರ್ಪಡಿಸಿದರು. ಅದು ಸ್ನೈಡರ್. 1871ರಲ್ಲಿ ಮಾರ್ಟಿನಿ-ಹೆನ್ರಿ ಬಂತು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಮಾರ್ಟಿನಿ ಎಂಬಾತ ರೂಪಿಸಿದ ತೋಟಾ ತುಂಬುವ ಯಂತ್ರ, ಎಡಿನ್‌ಬರೋದ ಹೆನ್ರಿ ಎಂಬಾತ ರೂಪಿಸಿದ ನಳಿಕೆಯ ಸುರುಳಿಗೆರೆ, ಇವೆರಡೂ ಸೇರಿ ಆ ಹೆಸರು. ಕೆಳಗಿನ ಸನ್ನೆಯನ್ನು ಒತ್ತಿದರೆ ಖಾಲಿ ತೋಟಾ ಹೊರಬೀಳುತ್ತದೆ, ಹೊಸದನ್ನು ಇಟ್ಟು ಸನ್ನೆ ಎತ್ತಿದರೆ ಬಂದೂಕು ಸಿದ್ಧ. 31 ಗ್ರಾಂ ತೂಕದ ಗುಂಡು, ಐದೂವರೆ ಗ್ರಾಂ ಮದ್ದು. ಆ ಗುಂಡಿಗೆ ಬಂದೂಕಿನ ತೂಕ ಮಾತ್ರ ಕಡಿಮೆ, ನಾಲ್ಕು ಕಿಲೋ ಕೂಡ ಇಲ್ಲ.

1879ರ ಜನವರಿ 22ರ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿ ಸುಮಾರು 150 ಮಂದಿ ಜುಲು ಸೈನ್ಯವನ್ನು ಎದುರಿಸಿ ನಿಂತರು. ಬೆಳಗಾಗುವ ಹೊತ್ತಿಗೆ ಇಪ್ಪತ್ತು ಸಾವಿರ ತೋಟಾಗಳ ದಾಸ್ತಾನಿನಲ್ಲಿ ಉಳಿದದ್ದು ಸುಮಾರು 900. ಆ ರಾತ್ರಿಯ ಶೌರ್ಯಕ್ಕೆ 11 ವಿಕ್ಟೋರಿಯಾ ಕ್ರಾಸ್ ಪದಕಗಳು ಬಂದವು. ಚರಿತ್ರೆಯ ಪುಸ್ತಕಗಳು ಪದಕದ ಲೆಕ್ಕ ಇಟ್ಟಿವೆ. ಅಲ್ಲಿದ್ದವರು ನೆನಪಿಟ್ಟುಕೊಂಡದ್ದು ಕಾದ ನಳಿಕೆಗೆ ಬೊಬ್ಬೆ ಎದ್ದ ಬೆರಳುಗಳನ್ನು, ಜಜ್ಜಿಹೋದ ಹೆಗಲನ್ನು. ಕಿಟ್ಟ ಕಟ್ಟಿದಷ್ಟೂ ಒದೆತ ಜೋರಾಗುತ್ತಿತ್ತು. ಬಲ ಹೆಗಲು ಕೈಕೊಟ್ಟಾಗ ಎಡಕ್ಕೆ ಬದಲಿಸಿಕೊಂಡವರೂ ಇದ್ದರು. ನಮ್ಮ ನೆಲದಲ್ಲಿ 1897ರ ಸೆಪ್ಟೆಂಬರ್ 12ರಂದು ಸಾರಾಗಢಿಯ ಠಾಣೆಯಲ್ಲಿ ಪ್ರಾಣ ಕೊಟ್ಟ 21 ಮಂದಿ ಸಿಖ್ ಸೈನಿಕರ ಕೈಯಲ್ಲಿದ್ದದ್ದೂ ಇದೇ ಮಾರ್ಟಿನಿ. ಬ್ರಿಟಿಷ್ ಸೈನಿಕರಿಗೆ ಆ ವೇಳೆಗಾಗಲೇ ಹೊಸ ತ್ರೀ ನಾಟ್ ತ್ರೀ ಬಂದಿತ್ತು. 1857ರ ಪಾಠದ ನಂತರ ಭಾರತೀಯ ಸಿಪಾಯಿಗೆ ಒಂದು ತಲೆಮಾರು ಹಳೆಯ ಬಂದೂಕನ್ನೇ ಕೊಡುವುದು ಸರ್ಕಾರದ ನೀತಿಯಾಗಿತ್ತು. ಒದೆತವೂ ಹಾಗೆ ನಮ್ಮವರ ಪಾಲಿಗೆ ಹೆಚ್ಚು ಕಾಲ ಉಳಿಯಿತು.

ಸೇನಾಧಿಕಾರಿಗಳಿಗೆ ಈ ಸಂಕಟ ಗೊತ್ತಿರಲಿಲ್ಲ ಎಂದಲ್ಲ. ಅಮೆರಿಕದ ಸೈನ್ಯ 1873ರಲ್ಲಿ ತಂದ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ತೋಟಾಕ್ಕೆ 70 ಗ್ರೇನ್ ಮದ್ದು. ಒಂದು ಗ್ರಾಂ ಎಂದರೆ ಸುಮಾರು ಹದಿನೈದೂವರೆ ಗ್ರೇನ್. ಕುದುರೆ ಸವಾರರಿಗೆಂದು ಮಾಡಿದ ಗಿಡ್ಡ, ಹಗುರ ಬಂದೂಕಿಗೆ ಮಾತ್ರ ಅದನ್ನು 55 ಗ್ರೇನ್‌ಗೆ ಇಳಿಸಿದರು. ಬ್ರಿಟಿಷರೂ ಮಾರ್ಟಿನಿಯ ಗಿಡ್ಡ ರೂಪಕ್ಕೆ ಗುಂಡು, ಮದ್ದು ಎರಡನ್ನೂ ತಗ್ಗಿಸಿದರು.

ಲೆಕ್ಕ ಏನು ಹೇಳುತ್ತದೆ?

ಗುಂಡು ಮುಂದಕ್ಕೆ ಹೋದಂತೆ ಬಂದೂಕು ಹಿಂದಕ್ಕೆ ಬರಬೇಕು. ಇದು ಹೈಸ್ಕೂಲಿನ ಭೌತಶಾಸ್ತ್ರ, ನ್ಯೂಟನ್ನನ ಮೂರನೆಯ ನಿಯಮ. ದೋಣಿಯಿಂದ ದಡಕ್ಕೆ ನೆಗೆದರೆ ದೋಣಿ ಹಿಂದೆ ಸರಿಯುವುದಿಲ್ಲವೇ, ಹಾಗೆ. ಗುಂಡಿನ ಜತೆಗೆ ಉರಿದ ಮದ್ದೂ ನಳಿಕೆಯ ಬಾಯಿಂದ ಹೊರಗೆ ಚಿಮ್ಮುತ್ತದೆ. ಆದ್ದರಿಂದ ಹೊಗೆಗೂ ಒದೆತದಲ್ಲಿ ಪಾಲುಂಟು. ಮಾರ್ಟಿನಿಯ ಗುಂಡು ಸೆಕೆಂಡಿಗೆ ಸುಮಾರು 410 ಮೀಟರ್ ವೇಗದಲ್ಲಿ ಹೊರಟರೆ ಬಂದೂಕು ಸೆಕೆಂಡಿಗೆ ನಾಲ್ಕು ಮೀಟರಿಗೂ ತುಸು ಹೆಚ್ಚು ವೇಗದಲ್ಲಿ ಹೆಗಲಿನತ್ತ ನುಗ್ಗುತ್ತದೆ. ಮೂರೂವರೆ ಕಿಲೋ ಅಕ್ಕಿಯ ಚೀಲವೊಂದು ಒಂದು ಮೀಟರ್ ಎತ್ತರದಿಂದ ಹೆಗಲ ಮೇಲೆ ಬಿದ್ದರೆ ಎಷ್ಟು ಶಕ್ತಿಯೋ ಅಷ್ಟು. ತ್ರೀ ನಾಟ್ ತ್ರೀಯದು ಅದರ ಸರಿಸುಮಾರು ಅರ್ಧ. ನಾನು ಎನ್‌ಸಿಸಿಯಲ್ಲಿ ಹಾರಿಸಿದ ಬಂದೂಕಿನದು ಅದೇ ಎತ್ತರದಿಂದ ಮೂರು ಒಂದು ರೂಪಾಯಿ ನಾಣ್ಯ ಬಿದ್ದಷ್ಟು ಮಾತ್ರ. ಹೆದರಿದ್ದಕ್ಕೆ ಈಗ ನಾಚಿಕೆಯಾಗುತ್ತದೆ!

ಕೊಡಗಿನ ಓದುಗರು ಮಾತ್ರ ಈ ಅಂಕಿಗಳನ್ನು ಓದಿ ಬೆರಗಾಗಲಿಕ್ಕಿಲ್ಲ. ಮೂರು ಕಿಲೋ ತೂಕದ ಹನ್ನೆರಡು ಬೋರಿನ ಕೋವಿಯಲ್ಲಿ ಮಾಮೂಲಿ ತೋಟಾ ಹಾರಿಸಿದರೂ ಲೆಕ್ಕ ಹೆಚ್ಚುಕಡಿಮೆ ಮಾರ್ಟಿನಿಯಷ್ಟೇ ಬರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊದ್ ಹಬ್ಬದಂದು ಆಯುಧ ಪೂಜೆ ಮುಗಿಸಿ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ಅಜ್ಜ, ಅಜ್ಜಿಯರಿಗೆ ಮಾರ್ಟಿನಿ ಎಂಬ ಹೆಸರು ತಿಳಿಯದಿರಬಹುದು, ಅದರ ಒದೆತ ತಿಳಿದಿದೆ.

ಈ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ. ನಿಜ ಹೇಳಬೇಕೆಂದರೆ ಈ ಲೇಖನ ಬರೆಯಬೇಕೆನ್ನಿಸಿದ್ದೇ ಅದರಿಂದ. ಮಾರ್ಟಿನಿಯ ಗುಂಡು ನಳಿಕೆಯ ಒಳಗಿರುವುದು ಸೆಕೆಂಡಿನ ಸಾವಿರದಲ್ಲಿ ಮೂರು ನಾಲ್ಕು ಭಾಗದಷ್ಟು ಹೊತ್ತು. ಗುಂಡು ನಳಿಕೆಯ ತುದಿ ದಾಟುವ ಕ್ಷಣಕ್ಕೆ ಬಂದೂಕು ಹಿಂದೆ ಸರಿದಿರುವುದು ಏಳೆಂಟು ಮಿಲಿಮೀಟರ್ ಮಾತ್ರ. ಅಂಗಿ ಮುದುರುವಷ್ಟು. ನಿಜವಾದ ಗುದ್ದು ಹೆಗಲಿಗೆ ತಾಗುವಷ್ಟರಲ್ಲಿ ಗುಂಡು ಹೊರಟು ಹೋಗಿರುತ್ತದೆ. ಮನುಷ್ಯನ ದೇಹ ಪೆಟ್ಟಿಗೆ ಪ್ರತಿಕ್ರಿಯಿಸಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಹಾಗಾದರೆ ಒದೆತದಿಂದ ಗುರಿ ತಪ್ಪಿತು ಎಂಬ ಮಾತೇ ತಪ್ಪು. ಆ ಏಳೆಂಟು ಮಿಲಿಮೀಟರಿನ ಅಲುಗಾಟದಿಂದ ಗುಂಡು ತುಸು ಮೇಲಕ್ಕೆ ಹೋಗುವುದುಂಟು. ಪ್ರತಿಸಲ ಒಂದೇ ರೀತಿ ಹಿಡಿದರೆ ಅದು ಪ್ರತಿಸಲ ಅಷ್ಟೇ ಹೋಗುತ್ತದೆ, ಸೈಟ್ ಸರಿಪಡಿಸಿಕೊಂಡರೆ ಸಾಕು. ಗುರಿ ಕೆಡಿಸುವುದು ಒದೆತವಲ್ಲ, ಒದೆಯುತ್ತದೆ ಎಂದು ಮೊದಲೇ ಗೊತ್ತಿರುವುದು. ಬೆರಳು ಟ್ರಿಗರನ್ನು ಪೂರ್ತಿ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ಬರುತ್ತದೆ, ಎಡಗೈ ನಳಿಕೆಯನ್ನು ಕೆಳಗೆ ಎಳೆಯುತ್ತದೆ. ಸೆಲೂಸ್ ಹೇಳಿದ ನರಗಳ ಕೇಡು ಇದೇ. ಗದರಿಸಿದರೆ ಇದು ಹೋಗುವುದಿಲ್ಲ.

ಕ್ರೀಡ್‌ಮೂರ್‌ನ ಒಂದು ಶನಿವಾರ

ಹಾಗಾದರೆ ಇಂಥ ಬಂದೂಕುಗಳಲ್ಲಿ ಯಾರಾದರೂ ಸರಿಯಾಗಿ ಗುರಿ ಹೊಡೆದಿದ್ದಾರೆಯೇ ಎಂದು ಕೇಳಬಹುದು. 1874ರ ಸೆಪ್ಟೆಂಬರ್ 26ರ ಶನಿವಾರ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಎಂಬಲ್ಲಿ ನಡೆದ ಪಂದ್ಯದ ವಿವರ ಕೇಳಿದರೆ ಆ ಅನುಮಾನ ಪರಿಹಾರವಾದೀತು. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ವಿಂಬಲ್ಡನ್‌ನಲ್ಲಿ ಎಲ್ಕೋ ಷೀಲ್ಡ್ ಗೆದ್ದಿದ್ದ ಐರ್ಲೆಂಡ್ ತಂಡ ಪತ್ರಿಕೆಯ ಮೂಲಕ ಅಮೆರಿಕನ್ನರಿಗೆ ಸವಾಲು ಹಾಕಿತು. ಅಮೆರಿಕದ ತಂಡವೋ ಹವ್ಯಾಸಿಗಳದು. ಅವರ ರೇಂಜ್ ತೆರೆದೇ ಒಂದು ವರ್ಷವಾಗಿತ್ತಷ್ಟೆ.

ತಂಡಕ್ಕೆ ಆರು ಮಂದಿ. 800, 900, 1000 ಗಜಗಳಿಂದ ತಲಾ ಹದಿನೈದು ಗುಂಡು. ದೂರದರ್ಶಕ ಇಲ್ಲ, ಬರಿಗಣ್ಣಿನ ಸೈಟ್. ಗುರಿಯ ನಡುಭಾಗ ಮೂರು ಅಡಿ ಚದರದ್ದು. ಕಾಲ್ನಡಿಗೆಯಲ್ಲಿ ಹತ್ತು ನಿಮಿಷ ಹಿಡಿಯುವ ದೂರದಲ್ಲಿ ಅದು ಸಾಸಿವೆಯಂತೆ ಕಂಡೀತು. ನಿಯಮದ ಪ್ರಕಾರ ಬಂದೂಕು ಹತ್ತು ಪೌಂಡ್ ಮೀರುವಂತಿರಲಿಲ್ಲ. 35 ಗ್ರಾಂ ಆಸುಪಾಸಿನ ಗುಂಡಿಗೆ ನಾಲ್ಕೂವರೆ ಕಿಲೋದ ಬಂದೂಕು ಎಂದರೆ ಒದೆತ ಹೆಚ್ಚುಕಡಿಮೆ ಮಾರ್ಟಿನಿಯದೇ. ಒಬ್ಬೊಬ್ಬರಿಗೂ ಒಂದೇ ದಿನದಲ್ಲಿ ಅಂಥ 45 ಗುದ್ದು. ಐರಿಷರದು ಡಬ್ಲಿನ್ನಿನ ರಿಗ್ಬಿ ಕಂಪನಿಯ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅಮೆರಿಕನ್ನರಲ್ಲಿ ಮೂವರದು ರೆಮಿಂಗ್ಟನ್, ಮೂವರದು ಶಾರ್ಪ್ಸ್, ಎರಡೂ ಹಿಂದಿನಿಂದ ತೋಟಾ ತುಂಬುವಂಥವು. ಹಳೆಯದಕ್ಕೂ ಹೊಸದಕ್ಕೂ ಅದು ಪಂದ್ಯವಾಗಿತ್ತು.

ಅಂದು ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಹೆನ್ರಿ ಫುಲ್ಟನ್ ಗುರಿಯಿಟ್ಟ ಭಂಗಿ ನೋಡಿದವರಿಗೆ ನಗು ಬಂದೀತು. ಗುರಿಯತ್ತ ಕಾಲು ಚಾಚಿ ಅಂಗಾತ ಮಲಗಿ, ಮಡಿಸಿದ ಕಾಲುಗಳ ಮೇಲೆ ನಳಿಕೆಯನ್ನಿಟ್ಟು ಹೊಡೆದದ್ದು! 180ಕ್ಕೆ 171. ಐರಿಷ್ ತಂಡದ ಮಿಲ್ನರ್ ಒಂದು ಗುಂಡನ್ನು ಗುರಿಯ ನಟ್ಟನಡುವಿಗೆ ಹೊಡೆದ, ಆದರೆ ಪಕ್ಕದವರ ಗುರಿಗೆ. ಆ ನಾಲ್ಕು ಅಂಕ ಲೆಕ್ಕಕ್ಕೆ ಬರಲಿಲ್ಲ. ಕೊನೆಯಲ್ಲಿ ಐರ್ಲೆಂಡ್ 931ಕ್ಕೆ ಮುಗಿಸಿತು. ಅಮೆರಿಕ 930ರಲ್ಲಿದ್ದು ಒಂದೇ ಗುಂಡು ಬಾಕಿ. ಹಾರಿಸಬೇಕಾದವನು ಕರ್ನಲ್ ಜಾನ್ ಬೋಡೈನ್. ಸ್ವಲ್ಪ ಮೊದಲು ಜಿಂಜರ್ ಬಿಯರ್ ಬಾಟಲಿ ಕೈಯಲ್ಲೇ ಒಡೆದು ಅಂಗೈ ಕುಯ್ದುಹೋಗಿತ್ತು. ಕರವಸ್ತ್ರ ಸುತ್ತಿಕೊಂಡು, ರಕ್ತ ಜಿನುಗುತ್ತಿದ್ದ ಕೈಯಲ್ಲೇ ಬಂದೂಕು ಹಿಡಿದು ಸಾವಿರ ಗಜದಿಂದ ಆತ ಹೊಡೆದ ಗುಂಡು ನಡುಭಾಗಕ್ಕೆ ಬಿತ್ತು. 934. ಸಾವಿರಾರು ಜನ ಕೂಗಿದರು. ಮೂರೇ ಅಂಕದ ಗೆಲುವು, ಮಿಲ್ನರನ ನಾಲ್ಕು ಅಂಕ ಸೇರಿದ್ದರೆ ಐರಿಷರೇ ಒಂದು ಅಂಕದಿಂದ ಗೆಲ್ಲುತ್ತಿದ್ದರು. ಕ್ರೀಡ್‌ಮೂರ್ ರೇಂಜ್ ಈಗಿಲ್ಲ. ಆ ಜಾಗಕ್ಕೆ 1912ರಲ್ಲಿ ಮಾನಸಿಕ ಆಸ್ಪತ್ರೆಯೊಂದು ಬಂತು.

ಒಂದು ಮದ್ದು, ಒಂದು ಯುಗ

ದಪ್ಪ ಗುಂಡಿನ ಯುಗ ಮುಗಿದದ್ದು ಸದ್ದಿಲ್ಲದೆ. 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ತಯಾರಿಸಿದ. ಎರಡೇ ವರ್ಷಗಳಲ್ಲಿ ಫ್ರೆಂಚ್ ಸೈನ್ಯಕ್ಕೆ ಎಂಟು ಮಿಲಿಮೀಟರಿನ ಲೆಬೆಲ್ ಬಂದೂಕು ಬಂತು. ಗುಂಡು ಸಣ್ಣದು, ವೇಗ ಬಹಳ ಹೆಚ್ಚು. ಗುಂಡಿನ ತೂಕ ಇಳಿದದ್ದರಿಂದ ಒದೆತವೂ ಇಳಿಯಿತು. 1888ರಲ್ಲಿ ಬ್ರಿಟಿಷರು ಪಾಯಿಂಟ್ 303ಕ್ಕೆ ಬಂದರು. ಹದಿನೇಳೇ ವರ್ಷಗಳಲ್ಲಿ ಮಾರ್ಟಿನಿ ಸಂಗ್ರಹಾಲಯದ ವಸ್ತುವಾಗುವ ಹಾದಿ ಹಿಡಿಯಿತು.

ಆದರೆ ಅದು ಪೂರ್ತಿ ಸಾಯಲಿಲ್ಲ. ವಾಯವ್ಯ ಗಡಿಯ ಬುಡಕಟ್ಟುಗಳ ಕೈಗೆ ಸಾವಿರಾರು ಮಾರ್ಟಿನಿಗಳು ಸೇರಿದ್ದವು. ದರ್ರಾ ಆದಂ ಖೇಲ್‌ನ ಕಮ್ಮಾರರು ಅರ, ಸುತ್ತಿಗೆಗಳಿಂದಲೇ ಅದರ ನಕಲು ಮಾಡುತ್ತಿದ್ದರು. ಇವುಗಳಿಗೆ ಗುಂಡು ಸಿಗಬಾರದೆಂದು ಸರ್ಕಾರ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಾಯಿಂಟ್ 450 ಅಳತೆಯ ತೋಟಾಗಳನ್ನೇ ಭಾರತಕ್ಕೆ ತರಬಾರದೆಂದು ನಿಷೇಧಿಸಿತು. ಹುಲಿ, ಆನೆ ಬೇಟೆಯ ಸಾಹೇಬರಿಗೆ ಇದರಿಂದ ಇಕ್ಕಟ್ಟಾಯಿತು. ಲಂಡನ್ನಿನ ಬಂದೂಕು ತಯಾರಕರು ಕೂದಲೆಳೆಯಷ್ಟು ವ್ಯತ್ಯಾಸ ಮಾಡಿ 465, 470 ಎಂಬ ಹೊಸ ಅಳತೆಗಳನ್ನು ಸೃಷ್ಟಿಸಿ ಕಾನೂನಿನಿಂದ ಪಾರಾದರು. ಇನ್ನು ನೇಪಾಳದಲ್ಲಿ ರಾಣಾಗಳ ಕಾಲದ ಸ್ನೈಡರ್, ಮಾರ್ಟಿನಿಗಳು ಕಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ ಗ್ರೀಸು ಮೆತ್ತಿಕೊಂಡು ರಾಶಿ ಬಿದ್ದಿದ್ದವು. 2003ರಲ್ಲಿ ಅಮೆರಿಕದ ಇಬ್ಬರು ಹಳೆ ಆಯುಧ ವ್ಯಾಪಾರಿಗಳು ಆ ಸಂಗ್ರಹವನ್ನು ಸಗಟಾಗಿ ಕೊಂಡರು. ಇಂದು ಅಮೆರಿಕದ ರೇಂಜ್‌ಗಳಲ್ಲಿ ಹೊಗೆಯುಗುಳುವ ಮಾರ್ಟಿನಿಗಳಲ್ಲಿ ಅನೇಕವು ಹಿಮಾಲಯದ ತಪ್ಪಲಿನಿಂದ ಹೋದವು.

ಹಳೆಯದು ಸಿಗದವರಿಗೆ ಹೊಸದಾಗಿ ಮಾಡಿದ ಹಳೆಯ ಬಂದೂಕುಗಳಿವೆ. ಇಟಲಿಯಲ್ಲಿ, ಅಮೆರಿಕದ ಮಾಂಟಾನಾದಲ್ಲಿ ಶಾರ್ಪ್ಸ್ ಮಾದರಿಯನ್ನು ಇಂದಿನ ಉಕ್ಕಿನಲ್ಲಿ ತಯಾರಿಸುತ್ತಾರೆ. 1990ರಲ್ಲಿ ಬಂದ ‘ಕ್ವಿಗ್ಲಿ ಡೌನ್ ಅಂಡರ್’ ಎಂಬ ಹಾಲಿವುಡ್ ಚಿತ್ರದಲ್ಲಿ ನಾಯಕ ಟಾಮ್ ಸೆಲೆಕ್ ಅಂಥದೊಂದು ಬಂದೂಕಿನಿಂದ ದೂರದ ಬಕೆಟ್ಟಿಗೆ ಗುರಿಯಿಡುವ ದೃಶ್ಯವಿದೆ. ಆ ಚಿತ್ರದ ಹೆಸರಲ್ಲೇ ಮಾಂಟಾನಾದ ಫೋರ್ಸಿತ್ ಎಂಬ ಊರಿನ ಬಳಿ ಜೂನ್ ತಿಂಗಳಲ್ಲಿ ಸ್ಪರ್ಧೆ ನಡೆಯುತ್ತದೆ. 350ರಿಂದ 805 ಗಜದವರೆಗೆ ಕಬ್ಬಿಣದ ಗುರಿಗಳು. ಇಂಗ್ಲೆಂಡಿನ ಬಿಸ್ಲಿಯಲ್ಲೂ ಹಳೆಯ ಬಂದೂಕುಗಳ ಕೂಟ ನಡೆಯುತ್ತದೆ. ನಮ್ಮ ದೇಶದ ಕಾನೂನು ಬಿಗಿ. ಸೈನ್ಯದ ಅಳತೆ ಎಂಬ ಕಾರಣಕ್ಕೆ ಪಾಯಿಂಟ್ 303 ಕೂಡ ಸಾಮಾನ್ಯರಿಗೆ ನಿಷಿದ್ಧವಾದದ್ದರಿಂದಲೇ ಈಶಾಪುರದ ಕಾರ್ಖಾನೆ 315 ಎಂಬ ಬೇರೆ ಅಳತೆಯದನ್ನು ಮಾಡಿದ್ದು. ಇಂಥ ಕ್ರೀಡೆ ಇಲ್ಲಿ ಬೆಳೆಯಲು ಅವಕಾಶವಾಗಲಿಲ್ಲ.

ಪೆಟ್ಟು ತಾಳುವ ವಿದ್ಯೆ

ಈ ಬಂದೂಕುಗಳನ್ನು ದಿನವಿಡೀ ಹಾರಿಸುವವರೆಲ್ಲ ಪೈಲ್ವಾನರೇನಲ್ಲ, ಹೆಂಗಸರೂ ಎಪ್ಪತ್ತು ದಾಟಿದವರೂ ಇದ್ದಾರೆ. ಅವರ ಮೊದಲ ಉಪಾಯ ಬಂದೂಕಿನ ತೂಕ. ಅದೇ ತೋಟಾಕ್ಕೆ ಬಂದೂಕಿನ ತೂಕ ಎರಡರಷ್ಟಾದರೆ ಒದೆತದ ಶಕ್ತಿ ಅರ್ಧಕ್ಕಿಳಿಯುತ್ತದೆ. ಹೊರಲು ಕಷ್ಟ, ಹಾರಿಸಲು ಸುಖ. ಕಾಡೆಮ್ಮೆ ಬೇಟೆಯವರ ಶಾರ್ಪ್ಸ್ ಬಂದೂಕು ಆರೇಳು ಕಿಲೋ ತೂಗುತ್ತಿದ್ದದ್ದು ಇದಕ್ಕೇ.

ಎರಡನೆಯದು ನಿಲ್ಲುವ ಬಗೆ. ಹೊಸಬರು ಸುಖವೆಂದು ಮೇಜಿನ ಮುಂದೆ ಕುಳಿತು ಹಾರಿಸಲು ಹೋಗುತ್ತಾರೆ, ಹೆಚ್ಚು ಪೆಟ್ಟು ತಿನ್ನುವುದು ಅಲ್ಲೇ. ಮೇಜಿಗೆ ಬಾಗಿ ಕೂತವನ ಮೈ ಹಿಂದೆ ಸರಿಯಲು ಜಾಗವಿಲ್ಲ, ಗುದ್ದೆಲ್ಲ ಹೆಗಲ ಎಲುಬಿಗೇ. ನಿಂತು ಹಾರಿಸಿದವನ ಮೈ ಗಾಳಿಗೆ ತೂಗುವ ಅಡಿಕೆ ಮರದಂತೆ ಹಿಂದೆ ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಟ್ಟನ್ನು ಹೆಗಲಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ನಡುವೆ ಸಂದು ಬಿಟ್ಟರೆ ಬಂದೂಕು ಅಲ್ಲಿ ಓಟ ಕಿತ್ತು ಬಂದು ಗುದ್ದುತ್ತದೆ. ಹಳೆಯ ಅಮೆರಿಕನ್ ಬಂದೂಕುಗಳ ಬಟ್ಟಿನ ತುದಿಗೆ ಅರ್ಧಚಂದ್ರದ ಆಕಾರದ ಉಕ್ಕಿನ ತಗಡು ಇರುತ್ತಿತ್ತು. ಅದನ್ನು ಹೆಗಲಿಗಲ್ಲ, ತೋಳಿನ ಮೇಲ್ಭಾಗಕ್ಕೆ ಆನಿಸಬೇಕು. ಗೊತ್ತಿಲ್ಲದವರ ಹೆಗಲಿಗೆ ಅದರ ಎರಡು ಕೊಂಬು ಚುಚ್ಚುತ್ತವೆ. ಹಳೆಯ ಬಂದೂಕುಗಳ ಮರದ ಭಾಗ ನಳಿಕೆಯ ಗೆರೆಗಿಂತ ಬಹಳ ಕೆಳಕ್ಕೆ ಇಳಿದಿರುವುದರಿಂದ ಒದ್ದಾಗ ನಳಿಕೆ ಮೇಲೇಳುತ್ತದೆ, ಮರ ಕೆನ್ನೆಗೆ ಬಡಿಯುತ್ತದೆ. ಕಣ್ಣಿನ ಸಮೀಪದ ಸೈಟ್ ಹುಬ್ಬು ಸೀಳಿದ ಪ್ರಸಂಗಗಳೂ ಉಂಟು.

ಹೆಗಲ ನೋವು ಎರಡು ದಿನದ್ದು. ಕಿವಿಯದು ಹಾಗಲ್ಲ. ಬರಿಗಿವಿಯಲ್ಲಿ ಹಾರಿಸುವುದು ಶೌರ್ಯವಲ್ಲ, ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಮದ್ದಿನದು. ಕಪ್ಪು ಮದ್ದಿಗೆಂದು ಮಾಡಿದ ನೂರೈವತ್ತು ವರ್ಷದ ನಳಿಕೆಗೆ ಅಷ್ಟೇ ಅಳತೆಯ ಹೊಗೆಯಿಲ್ಲದ ಮದ್ದು ತುಂಬಿದರೆ ಅದು ಆ ಒತ್ತಡ ತಾಳದೆ ಸಿಡಿದು ಬೆರಳು, ಕಣ್ಣು ತೆಗೆದೀತು. ನಮ್ಮ ಹಳ್ಳಿಗಳಲ್ಲಿ ಅಟ್ಟದ ಮೇಲಿರುವ ಅಜ್ಜನ ಕಾಲದ ಕೇಪಿನ ಕೋವಿಗಳಿಗೂ ಈ ಮಾತು ಅನ್ವಯಿಸುತ್ತದೆ. ಪರಿಣತರು ಪರೀಕ್ಷಿಸದೆ ಅವನ್ನು ಮುಟ್ಟದಿರುವುದೇ ಲೇಸು.

ಇಷ್ಟೆಲ್ಲ ಮಾಡಿದರೂ ಅಂಜಿಕೆ ಉಳಿಯುತ್ತದೆ. ಅದಕ್ಕೆ ಎಲ್ಲ ದೇಶದ ಉಸ್ತಾದರ ಬಳಿಯೂ ಇರುವ ಮದ್ದು ಒಂದೇ, ಹವಾಲ್ದಾರರು ನನಗೆ ಮಾಡಿದ್ದು. ತೋಟಾ ತುಂಬುವವನು ಬೇರೆಯವನು. ಒಮ್ಮೆ ನಿಜವಾದದ್ದು, ಒಮ್ಮೆ ಖಾಲಿ, ಯಾವುದೆಂದು ಹಾರಿಸುವವನಿಗೆ ತಿಳಿಸುವುದಿಲ್ಲ. ಖಾಲಿ ತೋಟಾಕ್ಕೆ ನಳಿಕೆ ಬಾಗಿದರೆ ಅದನ್ನು ಅವನೇ ನೋಡುತ್ತಾನೆ, ಯಾರೂ ಹೇಳಬೇಕಾಗಿಲ್ಲ. ಹತ್ತು ಹದಿನೈದು ಸಲದ ನಂತರ, ಈಗ ಒದ್ದೀತೋ ಇಲ್ಲವೋ ಎಂದು ಊಹಿಸಿ ಸೋತ ದೇಹ ಸುಮ್ಮನಾಗುತ್ತದಂತೆ. ಆಮೇಲೆ ಮೊದಲಿಗೆ ಅರ್ಧ ಮದ್ದಿನ ತೋಟಾ, ನಂತರ ಪೂರ್ತಿಯದು.

ಅಂದು ಶಿಬಿರದಲ್ಲಿ ನನ್ನ ಐದನೆಯ ಗುಂಡು ಬಾಕಿ ಇತ್ತು. ಹವಾಲ್ದಾರರು ಬೆನ್ನು ತಿರುಗಿಸಿ ಏನನ್ನೋ ತುಂಬಿ ಬಂದೂಕು ಕೈಗಿತ್ತರು. ಇದೂ ಖಾಲಿಯೇ ಇರಬೇಕೆಂದುಕೊಂಡು ನಿಧಾನವಾಗಿ ಟ್ರಿಗರ್ ಒತ್ತಿದೆ. ಢಮ್ ಎಂದಿತು. ಗುರಿಯ ಕಾಗದ ತಂದು ನೋಡಿದಾಗ ಮೊದಲ ಮೂರು ತೂತು ಕೆಳಗೆ ಎಡಮೂಲೆಯಲ್ಲಿದ್ದವು, ನಾಲ್ಕನೆಯದು ಕಪ್ಪು ವೃತ್ತದ ಒಳಗೆ.